ಹಗ್ಗ ಹಿಡಿದವನ ಮಾತು: ಸ್ಪ್ಯಾನಿಷ್ ದನಗಾಹಿಯಿಂದ ಇಂಗ್ಲಿಷ್ ಕಲಿತದ್ದು

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದ ಬಯಲುಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ನೆಲೆಯೂರಿದ ದನಗಾಹಿ ವೃತ್ತಿಯನ್ನು, ಅಂದರೆ ಕುದುರೆಯ ಮೇಲೆ ಕುಳಿತು ಸಾವಿರಾರು ದನಗಳ ಮಂದೆಯನ್ನು ಕಾಯುವ ಕಸುಬನ್ನು, ಜಗತ್ತು 'ಕೌಬಾಯ್' ಎಂಬ ಇಂಗ್ಲಿಷ್ ಹೆಸರಿನಿಂದ ಅರಿಯುತ್ತದೆ. ಆದರೆ ಆ ಕಸುಬಿನ ಒಳಗೆ ಬಳಕೆಯಲ್ಲಿದ್ದ ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅವನು ಬೀಸುವ ಹಗ್ಗ, ಕುದುರೆಗೆ ಬಿಗಿಯುವ ಪಟ್ಟಿ, ದನ ಕೂಡುವ ದೊಡ್ಡಿ, ಅವನು ದುಡಿಯುವ ನೆಲ, ಕಾಲಿಗೆ ತೊಡುವ ತೊಗಲಿನ ಹೊದಿಕೆ ಇವೆಲ್ಲಕ್ಕೂ ಇರುವ ಹೆಸರುಗಳು ಸ್ಪ್ಯಾನಿಷ್ ಭಾಷೆಯಿಂದ ಬಂದವು. ಹೆಸರು ಒಬ್ಬರದು, ಉಪಕರಣ ಇನ್ನೊಬ್ಬರದು ಎಂಬ ಈ ಸ್ಥಿತಿ ಆಕಸ್ಮಿಕವಲ್ಲ. ಆ ಕಸುಬನ್ನು ಯಾರು ಯಾರಿಗೆ ಕಲಿಸಿದರು ಎಂಬುದನ್ನು ಚರಿತ್ರೆಯ ಪುಸ್ತಕಗಳು ಬಹುಕಾಲ ಮರೆತಿದ್ದರೂ ಪದಗಳು ಮರೆಯಲಿಲ್ಲ. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಒಂದನ್ನೊಂದು ಹೇಗೆ ಹೋಲುತ್ತವೆ, ಒಂದರ ಮೇಲೊಂದು ಹೇಗೆ ಪ್ರಭಾವ ಬೀರಿದವು ಎಂಬ ದೊಡ್ಡ ಪ್ರಶ್ನೆಗೆ ಈ ಒಂದು ಕಸುಬಿನ ಚರಿತ್ರೆ ಬಹಳಷ್ಟು ಉತ್ತರವನ್ನು ತನ್ನೊಳಗೆ ಇಟ್ಟುಕೊಂಡಿದೆ.

ಎರಡು ಭಾಷೆಗಳ ನಡುವೆ ಹೋಲಿಕೆ ಹುಟ್ಟುವುದು ಮುಖ್ಯವಾಗಿ ಎರಡು ದಾರಿಗಳಲ್ಲಿ: ಒಂದೇ ತಾಯಿಬೇರಿನಿಂದ ಹುಟ್ಟಿದ ರಕ್ತಸಂಬಂಧದಿಂದ, ಇಲ್ಲವೇ ನೆರೆಹೊರೆಯ ಒಡನಾಟದಿಂದ. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡೂ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿದವಾದರೂ, ಸ್ಪ್ಯಾನಿಷ್ ಲ್ಯಾಟಿನ್ನಿನ ಮಗಳು, ಇಂಗ್ಲಿಷ್ ಜರ್ಮಾನಿಕ್ ಶಾಖೆಯದು. ಆದ್ದರಿಂದ ಅವುಗಳ ರಕ್ತಸಂಬಂಧ ಬಲು ದೂರದ್ದು, ಅದು ಕಾಣುವುದು ಕೆಲವು ಹಳೆಯ ಪದಗಳಲ್ಲಿ ಮಾತ್ರ. ಹಸುವಿಗೆ ಇಂಗ್ಲಿಷಿನಲ್ಲಿರುವ 'ಕೌ', ಎತ್ತಿಗೆ ಸ್ಪ್ಯಾನಿಷಿನಲ್ಲಿರುವ 'ಬುಯೆಯ್', ಕನ್ನಡಿಗರು ಸಂಸ್ಕೃತದಿಂದ ಪಡೆದ 'ಗೋವು' ಈ ಮೂರೂ ಒಂದೇ ಪ್ರಾಚೀನ ಪದದ ಕವಲುಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಕಿವಿಗೆ ಮೂರೂ ಬೇರೆ ಬೇರೆಯಾಗಿ ಕೇಳುವುದರಿಂದ ಈ ನಂಟು ಮಾತಾಡುವವರ ಅನುಭವಕ್ಕೆ ಬರುವಂಥದಲ್ಲ.

ಅನುಭವಕ್ಕೆ ಬರುವ ಹೋಲಿಕೆ ಬೇರೆ ದಾರಿಯಲ್ಲಿ ಬಂದುದು. 1066ರಲ್ಲಿ ನಾರ್ಮಂಡಿಯ ದೊರೆ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆ, ನ್ಯಾಯಾಲಯ ಮತ್ತು ಚರ್ಚಿನಲ್ಲಿ ಫ್ರೆಂಚ್ ಬಳಕೆಗೆ ಬಂದು, ಲ್ಯಾಟಿನ್ ಮೂಲದ ಸಾವಿರಾರು ಪದಗಳು ಇಂಗ್ಲಿಷಿನೊಳಗೆ ಇಳಿದವು. ಲ್ಯಾಟಿನ್ನಿನಿಂದಲೇ ಹುಟ್ಟಿದ ಸ್ಪ್ಯಾನಿಷಿನಲ್ಲಿ ಅವುಗಳ ಸೋದರ ಪದಗಳು ಆಗಲೇ ಇದ್ದವು. ಇದಕ್ಕೆ ಎದುರು ದಿಕ್ಕಿನಲ್ಲಿ ಇನ್ನೊಂದು ಚಲನೆ ಇನ್ನೂ ಮೊದಲೇ ನಡೆದಿತ್ತು. ಐದನೆಯ ಶತಮಾನದಿಂದ 711ರಲ್ಲಿ ಅರಬ್ಬರು ಮತ್ತು ಬರ್ಬರರು ಬರುವವರೆಗೆ ಸ್ಪೇನನ್ನು ಆಳಿದ ಗಾಥ್ ಜನರ ಮೂಲಕವೂ, ಆಮೇಲೆ ಫ್ರಾನ್ಸಿನ ಕಡೆಯಿಂದಲೂ ಹಲವು ಜರ್ಮಾನಿಕ್ ಪದಗಳು ಸ್ಪ್ಯಾನಿಷಿಗೆ ಸೇರಿದವು. ಯುದ್ಧಕ್ಕೆ ಸ್ಪ್ಯಾನಿಷಿನಲ್ಲಿರುವ 'ಗೆರ್ರಾ' ಎಂಬ ಪದವೂ ಇಂಗ್ಲಿಷಿನ 'ವಾರ್' ಎಂಬ ಪದವೂ ಒಂದೇ ಜರ್ಮಾನಿಕ್ ಮೂಲದವು. ಹೀಗೆ ಒಂದು ಭಾಷೆಯ ಮನೆಯೊಳಗೆ ಇನ್ನೊಂದರ ನೆಂಟರು ಮೊದಲೇ ಬಂದು ಕುಳಿತಿದ್ದರು. ಅಮೆರಿಕದ ಹುಲ್ಲುಗಾವಲಿನಲ್ಲಿ ಈ ಎರಡು ಭಾಷೆಗಳು ಮುಖಾಮುಖಿಯಾದಾಗ ನಡೆದ ಕೊಡು-ಕೊಳ್ಳುವಿಕೆಯಲ್ಲಿ ಹಳೆಯ ನೆಂಟರೇ ವೇಷ ಬದಲಿಸಿ ಮತ್ತೆ ಎದುರಾದರು.

ಇದಕ್ಕೆ ಮೂರು ನಿದರ್ಶನಗಳು ಸಾಕು. ದನ ಹಿಡಿಯಲು ಬೀಸುವ ಕುಣಿಕೆಯ ಹಗ್ಗಕ್ಕೆ ಸ್ಪ್ಯಾನಿಷಿನಲ್ಲಿ 'ಲಾಸೊ' ಎನ್ನುತ್ತಾರೆ; ಅದು ಕುಣಿಕೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದುದು. ಅದೇ ಲ್ಯಾಟಿನ್ ಪದ ಫ್ರೆಂಚಿನ ಮೂಲಕ ಶತಮಾನಗಳ ಹಿಂದೆಯೇ ಇಂಗ್ಲಿಷಿಗೆ ಹೋಗಿ 'ಲೇಸ್' ಆಗಿತ್ತು, ಇಂದು ಬೂಟಿನ ದಾರಕ್ಕೂ ಹೆಣೆದ ಅಂಚಿಗೂ ಅದೇ ಹೆಸರು. ಮಂದೆ ಬೆದರಿ ಒಮ್ಮೆಲೇ ದಿಕ್ಕುಗೆಟ್ಟು ಓಡುವುದಕ್ಕೆ ಇಂಗ್ಲಿಷಿನಲ್ಲಿರುವ 'ಸ್ಟ್ಯಾಂಪೀಡ್' ಸ್ಪ್ಯಾನಿಷಿನ 'ಎಸ್ತಾಂಪೀದ'ದಿಂದ ಬಂದುದಾದರೂ, ಆ ಸ್ಪ್ಯಾನಿಷ್ ಪದದ ಬೇರು ಜರ್ಮಾನಿಕ್. ಅಂದರೆ ಇಂಗ್ಲಿಷಿನ ಸ್ವಂತ 'ಸ್ಟ್ಯಾಂಪ್', ಕಾಲಿನಿಂದ ತುಳಿ ಎಂಬ ಕ್ರಿಯಾಪದ, ಅದರ ಅಕ್ಕತಂಗಿ. 'ರ‍್ಯಾಂಚ್' ಎಂಬ ಪದದ ಪಯಣ ಇನ್ನೂ ಸುತ್ತುಬಳಸಿನದು. ಸ್ಪ್ಯಾನಿಷಿನ 'ರಾಂಚೊ' ಎಂಬುದಕ್ಕೆ ಮೊದಲು ಇದ್ದ ಅರ್ಥ ಸೈನಿಕರೋ ಕೂಲಿಗಳೋ ಗುಂಪಾಗಿ ಕೂತು ಉಣ್ಣುವ ಬಿಡಾರ; ಅಮೆರಿಕಕ್ಕೆ ಬಂದ ಮೇಲೆ ಗುಡಿಸಲು, ಆಮೇಲೆ ದನ ಸಾಕುವ ಹಿಡುವಳಿ. ಅದರ ಮೂಲ ಸಾಲಾಗಿ ನೆಲೆಗೊಳಿಸು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದ, ಅದಕ್ಕೂ ಹಿಂದೆ ಇರುವುದು ಉಂಗುರಕ್ಕೆ ಹೇಳುವ ಇಂಗ್ಲಿಷಿನ 'ರಿಂಗ್' ಎಂಬ ಪದದ ಜರ್ಮಾನಿಕ್ ಬೇರು. ದನ ಮೇಯುವ ಬೇಲಿಯಿಲ್ಲದ ವಿಶಾಲ ಬಯಲಿಗೆ ಇಂಗ್ಲಿಷ್ ದನಗಾಹಿಗಳು ಹೇಳುತ್ತಿದ್ದ 'ರೇಂಜ್' ಕೂಡ ಅದೇ ಬೇರಿನದು. ರೇಂಜಿನಲ್ಲಿ ದನ ಮೇಯಿಸಿ ರ‍್ಯಾಂಚಿಗೆ ಮರಳುತ್ತಿದ್ದವನು ಒಂದೇ ಪದದ ಎರಡು ರೂಪಗಳ ನಡುವೆ ದಿನವೂ ಓಡಾಡುತ್ತಿದ್ದನೆನ್ನಬಹುದು.

ದನವನ್ನು ಸಂಪತ್ತೆಂದು ಎಣಿಸಿದ ಲೋಕದೃಷ್ಟಿಯಲ್ಲಂತೂ ಈ ಭಾಷೆಗಳು ಆಶ್ಚರ್ಯವಾಗುವಷ್ಟು ಹತ್ತಿರ ಬರುತ್ತವೆ. ಇಂಗ್ಲಿಷಿನ 'ಕ್ಯಾಟಲ್' ಎಂಬುದು 'ಕ್ಯಾಪಿಟಲ್', ಅಂದರೆ ಬಂಡವಾಳ, ಎಂಬ ಪದದ ಒಡಹುಟ್ಟು. ಸ್ಪ್ಯಾನಿಷಿನಲ್ಲಿ ದನಕ್ಕೆ 'ಗನಾದೊ' ಎನ್ನುತ್ತಾರೆ, ಅದು ಗಳಿಸು ಎಂಬ ಕ್ರಿಯಾಪದದಿಂದ ಹುಟ್ಟಿ 'ಗಳಿಸಿದ್ದು' ಎಂಬ ಅರ್ಥ ಪಡೆದುದು. ಕನ್ನಡದ 'ದನ'ವನ್ನು ಸಂಸ್ಕೃತದ 'ಧನ'ದ ತದ್ಭವವೆಂದು ಹೇಳುವುದನ್ನು ನೆನೆದರೆ, ತುರುಗಳಿಗಾಗಿ ಮಡಿದವರ ವೀರಗಲ್ಲುಗಳನ್ನು ಊರೂರಲ್ಲಿ ಕಂಡ ಕನ್ನಡ ಓದುಗರಿಗೆ ಈ ದೃಷ್ಟಿ ಹೊಸದೆನಿಸಲಾರದು.

ಕಸುಬಿನ ಚರಿತ್ರೆ ಆರಂಭವಾಗುವುದು ಸ್ಪೇನಿನಲ್ಲಿ. 1273ರಲ್ಲಿ ಕಾಸ್ತೀಲಿನ ದೊರೆ ಹತ್ತನೆಯ ಅಲ್ಫಾನ್ಸೊ ಕುರಿ-ದನಗಳ ಒಡೆಯರ ಸಂಘಕ್ಕೆ ರಾಜಮನ್ನಣೆ ಕೊಟ್ಟನು. ಅದರ ಹೆಸರು 'ಮೆಸ್ತಾ'. ಬೇರೆ ಬೇರೆ ಒಡೆಯರ ಪ್ರಾಣಿಗಳು ಬೆರೆತಾಗ ಯಾವುದು ಯಾರದೆಂದು ತೀರ್ಮಾನಿಸುವುದು ಅದರ ಕೆಲಸಗಳಲ್ಲೊಂದು, ಆದ್ದರಿಂದಲೇ ಬೆರೆತದ್ದು ಎಂಬ ಅರ್ಥದ ಲ್ಯಾಟಿನ್ ಪದ ಅದರ ಹೆಸರಿಗೆ ಮೂಲ. ಒಡೆಯನಿಲ್ಲದೆ ಅಲೆಯುವ ಪ್ರಾಣಿಯನ್ನು ಮೆಸ್ತಾಗೆ ಸೇರಿದ್ದೆಂಬ ಅರ್ಥದಲ್ಲಿ 'ಮೆಸ್ತೇಞೊ' ಎಂದು ಕರೆಯುತ್ತಿದ್ದರು. ಅಮೆರಿಕದ ಬಯಲಿನಲ್ಲಿ ಈ ಪದ ಕಾಡುಬಿದ್ದ ಕುದುರೆಗೆ ಅಂಟಿಕೊಂಡು, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷಿನವರ ಬಾಯಲ್ಲಿ 'ಮಸ್ಟಾಂಗ್' ಆಯಿತು. ಸ್ವಾತಂತ್ರ್ಯದ ಸಂಕೇತವೆಂದು ಇಂದು ಹೊಗಳಿಸಿಕೊಳ್ಳುವ ಆ ಕುದುರೆಯ ಹೆಸರು ಒಡೆಯರ ಒಂದು ಸಂಘದ ಹೆಸರಿನಿಂದ ಬಂದುದು. ಬೆರಕೆಗೆ ಇಂಗ್ಲಿಷರು ಹೇಳುವ 'ಮಿಕ್ಸ್' ಎಂಬ ಪದಕ್ಕೂ ಅದಕ್ಕೂ ಒಂದೇ ಲ್ಯಾಟಿನ್ ಮೂಲ.

1493ರಲ್ಲಿ ಕೊಲಂಬಸನ ಎರಡನೆಯ ಪಯಣದಲ್ಲಿ ದನ ಮತ್ತು ಕುದುರೆಗಳು ಕೆರಿಬಿಯನ್ ದ್ವೀಪಗಳಿಗೆ ಇಳಿದವು. ಮೆಕ್ಸಿಕೊ ಸ್ಪೇನಿನ ವಶವಾದ ಕೆಲವೇ ವರ್ಷಗಳಲ್ಲಿ ಅಲ್ಲಿಯೂ ಹಬ್ಬಿದವು, 1529ರಲ್ಲಿ ಮೆಕ್ಸಿಕೊ ನಗರದ ಆಡಳಿತ ಮಂಡಳಿ ಅಲ್ಲಿಯೂ ಒಂದು ಮೆಸ್ತಾ ರಚಿಸಿತು. ಹುಲ್ಲು ಬೇಕಾದಷ್ಟಿದ್ದು, ಬೇಲಿಯಿಲ್ಲದೆ, ಮಂದೆ ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುತ್ತಿದ್ದ ಆ ನಾಡಿನಲ್ಲಿ ಕಾಲ್ನಡಿಗೆಯಲ್ಲಿ ದನ ಕಾಯುವುದು ಅಸಾಧ್ಯವಾಗಿತ್ತು. ಮೂಲನಿವಾಸಿಗಳು ಕುದುರೆ ಏರಬಾರದೆಂಬ ಕಟ್ಟಳೆ ಮೊದಮೊದಲು ಇತ್ತು, ಏಕೆಂದರೆ ಕುದುರೆ ಆಳುವವನ ಗುರುತಾಗಿತ್ತು. ಆದರೆ ದನಗಳ ಸಂಖ್ಯೆ ಆ ಕಟ್ಟಳೆಯನ್ನು ಸೋಲಿಸಿತು. ಕ್ರೈಸ್ತ ಮಿಷನ್ನುಗಳ ಪಾದ್ರಿಗಳೂ ದೊಡ್ಡ ಹಿಡುವಳಿದಾರರೂ ಮೂಲನಿವಾಸಿಗಳನ್ನು, ಆಫ್ರಿಕದ ಗುಲಾಮರ ಸಂತತಿಯವರನ್ನು, ಮಿಶ್ರ ಜನಾಂಗದವರನ್ನು ಕುದುರೆಯ ಮೇಲೆ ಕೂರಿಸಿದರು. ಹೀಗೆ ಹುಟ್ಟಿದ ಕಸುಬುದಾರನೇ 'ವಕೇರೊ'. 'ವಾಕಾ' ಎಂದರೆ ಹಸು, 'ಏರೊ' ಎಂಬುದು ಆ ಕೆಲಸದವನೆಂದು ಸೂಚಿಸುವ ಪ್ರತ್ಯಯ. ಕನ್ನಡದ ದನಗಾಹಿಗೆ ಸರಿಸಮನಾದ ಮಾತು.

ವಕೇರೊನ ಶಬ್ದಭಂಡಾರ ಸ್ಪೇನಿನದಷ್ಟೇ ಆಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕಡಿವಾಣದ ಕಬ್ಬಿಣವನ್ನು ಬಾಯಿಗೆ ಹಾಕದೆ, ಮೂಗಿನ ಮೇಲಿನ ಪಟ್ಟಿಯ ಒತ್ತಡದಿಂದಲೇ ಎಳೆಯ ಕುದುರೆಯನ್ನು ಪಳಗಿಸುವ ಸಾಧನಕ್ಕೆ ಅವನು ಹೇಳುತ್ತಿದ್ದ 'ಹಾಕಿಮಾ' ಅರಬ್ಬೀ ಮೂಲದ್ದು. ಅದನ್ನು ನಡೆಸುವ ಕುದುರೆಕೂದಲಿನ ಹಗ್ಗವಾದ 'ಮೆಕಾತೆ' ಮೆಕ್ಸಿಕೊದ ನಾವಾತ್ಲ್ ಭಾಷೆಯದು. ಮುಳ್ಳುಪೊದೆಯಿಂದ ಕಾಲನ್ನು ಕಾಪಾಡಲು ತೊಡುವ ತೊಗಲಿನ ಹೊದಿಕೆ 'ಚಾಪರ್ರೇರಾಸ್' ಎಂಬುದರ ಬೇರು, ಕುರುಚಲು ಓಕ್ ಗಿಡಕ್ಕೆ ಬಾಸ್ಕ್ ಜನ ಇಟ್ಟ ಹೆಸರು. ಕುದುರೆ ಎಲ್ಲಿಂದ ಬಂದರೂ ತನ್ನ ಬೆನ್ನ ಮೇಲೆ ಪದಗಳನ್ನು ಹೊತ್ತೇ ಬರುತ್ತದೆ. ಕನ್ನಡಕ್ಕೆ ಜೀನು, ಲಗಾಮು, ಸವಾರ ಎಂಬ ಪಾರಸಿ ಪದಗಳು ಬಂದುದೂ ಹಾಗೆಯೇ. ಸ್ಪ್ಯಾನಿಷ್ ಇಂಗ್ಲಿಷಿಗೆ ಕೊಟ್ಟದ್ದು ತನ್ನ ಸ್ವಂತ ಗಳಿಕೆಯನ್ನು ಮಾತ್ರವಲ್ಲ, ತಾನು ಇತರರಿಂದ ಪಡೆದುದನ್ನೂ ಸಹ. ಇಂಗ್ಲಿಷಿನ ಮೂಲಕ ಕನ್ನಡದ ಅಡುಗೆಮನೆಗೆ ಬಂದ 'ಟೊಮೆಟೊ' ಕೂಡ ನಾವಾತ್ಲಿನಿಂದ ಹೊರಟು ಸ್ಪ್ಯಾನಿಷಿನ ಕೈದಾಟಿ ಬಂದ ಪದ.

1598ರಲ್ಲಿ ಹ್ವಾನ್ ದೆ ಓಞಾತೆಯ ತಂಡ ಸಾವಿರಾರು ಪ್ರಾಣಿಗಳೊಂದಿಗೆ ಇಂದಿನ ನ್ಯೂ ಮೆಕ್ಸಿಕೊಗೆ ಬಂದು ನೆಲೆಸಿತು. 1718ರಲ್ಲಿ ಟೆಕ್ಸಾಸಿನ ಸಾನ್ ಅಂತೋನಿಯೊ, 1769ರಲ್ಲಿ ಕ್ಯಾಲಿಫೋರ್ನಿಯದ ಸಾನ್ ದಿಯೇಗೊ ಸ್ಥಾಪನೆಯಾದವು. 1823ರ ಹೊತ್ತಿಗೆ ಕ್ಯಾಲಿಫೋರ್ನಿಯದ ಕರಾವಳಿಯುದ್ದಕ್ಕೂ 21 ಮಿಷನ್ನುಗಳಿದ್ದವು. ಅಲ್ಲಿನ ದನದ ಬೆಲೆ ಮಾಂಸದಲ್ಲಿರಲಿಲ್ಲ, ತೊಗಲು ಮತ್ತು ಕೊಬ್ಬಿನಲ್ಲಿತ್ತು. ಬಾಸ್ಟನ್ನಿನ ಹಡಗುಗಳು ದಕ್ಷಿಣ ಅಮೆರಿಕವನ್ನು ಸುತ್ತಿ ಬಂದು ಒಣಗಿಸಿದ ತೊಗಲನ್ನು ತುಂಬಿಕೊಂಡು ಹೋಗುತ್ತಿದ್ದವು, ನಾಣ್ಯದ ಕೊರತೆಯಿದ್ದ ಆ ತೀರದಲ್ಲಿ ತೊಗಲೇ ಹಣದಂತೆ ಚಲಾವಣೆಯಲ್ಲಿತ್ತು. 1835 ಮತ್ತು 1836ರಲ್ಲಿ ಅಂಥ ಹಡಗುಗಳಲ್ಲಿ ನಾವಿಕನಾಗಿ ದುಡಿದ ರಿಚರ್ಡ್ ಹೆನ್ರಿ ಡೇನಾ 1840ರಲ್ಲಿ ಪ್ರಕಟಿಸಿದ ಪ್ರವಾಸಕಥನವು ಕ್ಯಾಲಿಫೋರ್ನಿಯದ ಸ್ಪ್ಯಾನಿಷ್ ಬದುಕನ್ನೂ ಅದರ ಅನೇಕ ಮಾತುಗಳನ್ನೂ ಪೂರ್ವ ತೀರದ ಇಂಗ್ಲಿಷ್ ಓದುಗರ ಮುಂದಿಟ್ಟಿತು.

ರಾಜಕೀಯ ಘಟನೆಗಳು ಒಂದರ ಹಿಂದೊಂದು ಬಂದವು. 1821ರಲ್ಲಿ ಮೆಕ್ಸಿಕೊ ಸ್ವತಂತ್ರವಾಯಿತು. ಅದರ ಅನುಮತಿ ಪಡೆದೇ ಟೆಕ್ಸಾಸಿಗೆ ಬಂದು ನೆಲೆಸಿದ ಇಂಗ್ಲಿಷ್ ಭಾಷಿಕರು 1836ರಲ್ಲಿ ಬೇರ್ಪಟ್ಟರು. 1846ರಲ್ಲಿ ಯುದ್ಧ ಆರಂಭವಾಗಿ, 1848ರ ಫೆಬ್ರವರಿ 2ರಂದು ಗ್ವಾದಲೂಪೆ ಇದಾಲ್ಗೊ ಎಂಬಲ್ಲಿ ಸಹಿಯಾದ ಒಪ್ಪಂದದಿಂದ ಕ್ಯಾಲಿಫೋರ್ನಿಯ, ನೆವಾಡಾ ಮುಂತಾದ ವಿಶಾಲ ಪ್ರದೇಶ ಸಂಯುಕ್ತ ಸಂಸ್ಥಾನದ ಪಾಲಾಯಿತು. ಹೊಸದಾಗಿ ಬಂದವರು ದನ ಸಾಕಿ ಗೊತ್ತಿದ್ದವರೇ, ಆದರೆ ಅವರಿಗೆ ಗೊತ್ತಿದ್ದುದು ಕಾಡಿನಂಚಿನ ಚಿಕ್ಕ ಹಿಡುವಳಿಯಲ್ಲಿ ನಾಯಿ ಮತ್ತು ಚಾವಟಿಯ ನೆರವಿನಿಂದ ಸಾಕುವ ಪದ್ಧತಿ. ಕಣ್ಣಳತೆಗೆ ಮೀರಿದ ಒಣ ಬಯಲಿನಲ್ಲಿ ಕುದುರೆ ಮತ್ತು ಹಗ್ಗದಿಂದ ಅರೆಕಾಡು ದನವನ್ನು ಹಿಡಿದು, ಕಾಸಿದ ಕಬ್ಬಿಣದಿಂದ ಬರೆ ಹಾಕಿ, ಮತ್ತೆ ಬಯಲಿಗೆ ಬಿಡುವ ವಿದ್ಯೆಯನ್ನು ಅವರು ಬಹುಮಟ್ಟಿಗೆ ವಕೇರೊನಿಂದ ಕಲಿತರು. ಟೆಕ್ಸಾಸಿನಲ್ಲಿ 1853ರಲ್ಲಿ ಕಿಂಗ್ ರ‍್ಯಾಂಚ್ ಸ್ಥಾಪಿಸಿದ ರಿಚರ್ಡ್ ಕಿಂಗ್, ಮರುವರ್ಷ ಮೆಕ್ಸಿಕೊದ ಕ್ರೂಯಾಸ್ ಎಂಬ ಬರಗಾಲಪೀಡಿತ ಊರಿನಿಂದ ದನಗಳನ್ನು ಕೊಂಡು, ಊರಿನ ಜನರನ್ನೂ ಕುಟುಂಬ ಸಮೇತ ಕರೆತಂದನು. ಅವರ ಸಂತತಿ 'ಕಿನೇಞೊ' ಎಂಬ ಹೆಸರಿನಿಂದ ತಲೆಮಾರುಗಳವರೆಗೆ ಆ ಹಿಡುವಳಿಯಲ್ಲಿ ದುಡಿಯಿತು. 'ಕಿಂಗ್' ಎಂಬ ಇಂಗ್ಲಿಷ್ ಅಂಕಿತನಾಮಕ್ಕೆ 'ಏಞೊ' ಎಂಬ ಸ್ಪ್ಯಾನಿಷ್ ಪ್ರತ್ಯಯ ಸೇರಿ, ಕಿಂಗನ ಕಡೆಯವರು ಎಂಬ ಅರ್ಥದಲ್ಲಿ ಆದ ಪದವದು.

ಈ ಕಲಿಕೆ ಪಾಠಶಾಲೆಯಲ್ಲಿ ನಡೆದುದಲ್ಲ, ಪುಸ್ತಕದಿಂದಲೂ ನಡೆದುದಲ್ಲ. ಧೂಳಿನ ನಡುವೆ, ಕೂಗಿ ಹೇಳಿದ್ದನ್ನು ಕೇಳಿ, ಕೇಳಿದಷ್ಟನ್ನು ಮರುನುಡಿದು ನಡೆದುದು. ಪದಗಳ ಸವೆತವೇ ಇದಕ್ಕೆ ಸಾಕ್ಷಿ. ಕನ್ನಡ ವ್ಯಾಕರಣಪರಂಪರೆ ಸಂಸ್ಕೃತದಿಂದ ಬಂದ ಪದಗಳನ್ನು ತತ್ಸಮ, ತದ್ಭವ ಎಂದು ವಿಂಗಡಿಸುತ್ತದೆ, ಅಂದರೆ ಇದ್ದಂತೆಯೇ ಉಳಿದವು ಮತ್ತು ಬಾಯಿಂದ ಬಾಯಿಗೆ ಸಾಗಿ ರೂಪ ಬದಲಿಸಿದವು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಈ ಎರಡನೆಯ ಬಗೆಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಈ ಅಳತೆಗೋಲನ್ನು ಇಂಗ್ಲಿಷಿನ ಸ್ಪ್ಯಾನಿಷ್ ಪದಗಳಿಗೆ ಹಿಡಿದರೆ ಅವು ಸ್ಪಷ್ಟವಾಗಿ ಎರಡು ಪಾಲಾಗುತ್ತವೆ. ಭೂಪಟ, ಶಾಸನ ಮತ್ತು ಪ್ರವಾಸಕಥನಗಳಲ್ಲಿ ಕಣ್ಣಿನಿಂದ ಓದಿದ ಪದಗಳು, ಅಂದರೆ ಸಿಯೆರ್ರಾ, ಪ್ಲಾಜಾ, ಮೇಸಾ, ಕೊರಾಲ್ ಮುಂತಾದವು, ತಮ್ಮ ಕಾಗುಣಿತವನ್ನು ಹೆಚ್ಚು ಕೆಡಿಸಿಕೊಳ್ಳಲಿಲ್ಲ. ಹಗ್ಗ ಹಿಡಿದ ಕೈಯವರು ಕಿವಿಯಿಂದ ಪಡೆದ ಪದಗಳು ಮಾತ್ರ ಗುರುತು ಸಿಗದಷ್ಟು ಸವೆದವು.

ಇವುಗಳಲ್ಲಿ ಮೊದಲನೆಯದು ವಕೇರೊನ ಹೆಸರೇ. ಸ್ಪ್ಯಾನಿಷಿನಲ್ಲಿ ಬರೆಯುವಾಗ ವಕಾರ, ಬಕಾರ ಎರಡಿದ್ದರೂ ಉಚ್ಚಾರಣೆಯಲ್ಲಿ ಭೇದವಿಲ್ಲ. ಆದ್ದರಿಂದ ಇಂಗ್ಲಿಷಿನವನ ಕಿವಿಗೆ ಬಿದ್ದುದು 'ಬಕೇರೊ'. ಅದು ಹಲವು ರೂಪಗಳನ್ನು ತಳೆದು ಕೊನೆಗೆ 'ಬಕರೂ' ಎಂದು ನೆಲೆಗೊಂಡಿತು. ವಸತಿ ಬಸದಿಯಾದ, ವರ್ಣ ಬಣ್ಣವಾದ, ವನ ಬನವಾದ ಭಾಷೆಯವರಿಗೆ ಈ ಬದಲಾವಣೆಯನ್ನು ವಿವರಿಸಬೇಕಾಗಿಲ್ಲ. ಗುಲಾಮರಾಗಿ ಬಂದ ಪಶ್ಚಿಮ ಆಫ್ರಿಕದವರ ಭಾಷೆಗಳಲ್ಲಿ ಬಿಳಿಯ ಮನುಷ್ಯನನ್ನು ಸೂಚಿಸುತ್ತಿದ್ದ ಪದವೊಂದರ ನೆರಳು ಇದರ ಮೇಲೆ ಬಿದ್ದಿದೆಯೆಂದು ಕೆಲವು ವಿದ್ವಾಂಸರು ವಾದಿಸಿದ್ದುಂಟು. ವಕೇರೊನೇ ಮೂಲವೆಂಬುದು ಹೆಚ್ಚಿನವರ ಅಭಿಪ್ರಾಯ. ಇನ್ನು ಲ್ಯಾಟಿನ್ನಿನ 'ವಾಕ್ಕಾ', ಅಂದರೆ ಹಸು, ಎಂಬ ಅದೇ ಮಾತಿನಿಂದ, ಗೋಸಿಡುಬಿನ ಮೂಲಕ ಸಿಡುಬನ್ನು ತಡೆಯುವ ಬಗೆ ಕಂಡ ಎಡ್ವರ್ಡ್ ಜೆನ್ನರನ 1798ರ ಗ್ರಂಥದ ಹಿನ್ನೆಲೆಯಲ್ಲಿ ಹುಟ್ಟಿದುದು 'ವ್ಯಾಕ್ಸಿನ್'. ವಿದ್ವಾಂಸರು ಪುಸ್ತಕದಿಂದ ಎತ್ತಿಕೊಂಡ ಲ್ಯಾಟಿನ್ ಪದ ವ್ಯಾಕ್ಸಿನ್ ಆಗಿ ವಕಾರ ಉಳಿಸಿಕೊಂಡಿತು, ಸವಾರರು ಬಯಲಿನಿಂದ ಎತ್ತಿಕೊಂಡದ್ದು ಬಕರೂ ಆಯಿತು.

'ಲೇರಿಯಟ್' ಎಂಬ ಇನ್ನೊಂದು ಹಗ್ಗದ ಹೆಸರಿನಲ್ಲಿ ಕೇಳುಗನ ತಪ್ಪೇ ಹೆಪ್ಪುಗಟ್ಟಿದೆ. ಸ್ಪ್ಯಾನಿಷಿನಲ್ಲಿ ಆ ಹಗ್ಗ 'ರೇಆತಾ', ಅದರ ಮುಂದೆ ಬರುವ 'ಲಾ' ಎಂಬುದು ಸ್ತ್ರೀಲಿಂಗದ ನಾಮಪದಗಳಿಗೆ ಹಚ್ಚುವ ಉಪಪದ; ಕೇಳಿದವನಿಗೆ ಎರಡೂ ಒಂದೇ ಪದವೆನಿಸಿ ಉಪಪದವೂ ಹೆಸರಿನೊಳಗೆ ಸೇರಿಹೋಯಿತು. ಸ್ವತಃ ಸ್ಪ್ಯಾನಿಷ್ ಭಾಷೆಯೇ ಹಿಂದೆ ಅರಬ್ಬೀ ಪದಗಳನ್ನು ಪಡೆಯುವಾಗ 'ಅಲ್' ಎಂಬ ಉಪಪದವನ್ನು ಹೀಗೆಯೇ ನುಂಗಿತ್ತು. ಹತ್ತಿಗೆ ಅದು ಹೇಳುವ 'ಅಲ್ಗೊದೋನ್' ಅಂಥದು. ಒಬ್ಬರಿಂದ ಕಲಿಯುವಾಗ ತಾನು ಮಾಡಿದ ತಪ್ಪನ್ನು ತನ್ನಿಂದ ಕಲಿತವರೂ ಮಾಡುವುದನ್ನು ಆ ಭಾಷೆ ಕಂಡಿತು. 'ಹಾಕಿಮಾ' 'ಹ್ಯಾಕಮೋರ್' ಆಯಿತು. 'ಮೆಕಾತೆ' ಒಬ್ಬ ಐರಿಷ್ ಮನುಷ್ಯನ ಮನೆತನದ ಹೆಸರೋ ಎಂಬಂತೆ 'ಮೆಕಾರ್ಟಿ' ಆಯಿತು. ನ್ಯಾಯಾಲಯ ಎಂಬ ಅರ್ಥದ 'ಹುಸ್ಗಾದೊ', ಜನರ ಬಾಯಲ್ಲಿ ದಕಾರ ಕಳೆದುಕೊಂಡು 'ಹುಸ್ಗಾವ್' ಎಂದು ಕೇಳಿಸಿ, ಸೆರೆಮನೆಗೆ ಇಂಗ್ಲಿಷಿನ ಆಡುಮಾತಾಯಿತು. ನ್ಯಾಯಾಧೀಶನನ್ನು ಸೂಚಿಸುವ ಇಂಗ್ಲಿಷಿನ 'ಜಡ್ಜ್' ಎಂಬ ಪದವೂ ಇದೇ ಲ್ಯಾಟಿನ್ ಬೇರಿನದೆಂದು ಆ ಸೆರೆಮನೆಯಲ್ಲಿ ಕುಳಿತ ಸವಾರನಿಗೆ ತಿಳಿದಿರಲಿಕ್ಕಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೇಳುವ ಪದ 'ಡ್ಯಾಲಿ', ಅದನ್ನು ತಿಳಿಯಲು ಹಗ್ಗದ ಕೆಲಸವನ್ನೇ ತಿಳಿಯಬೇಕು. ಕ್ಯಾಲಿಫೋರ್ನಿಯದ ವಕೇರೊ ಹಸಿ ತೊಗಲಿನ ಎಳೆಗಳನ್ನು ಹೆಣೆದ ಹಗ್ಗ ಬಳಸುತ್ತಿದ್ದನು; ಅದು 60 ಅಡಿ ಅಥವಾ ಅದಕ್ಕಿಂತ ಉದ್ದವಿದ್ದು, ದೂರಕ್ಕೆ ಸೊಗಸಾಗಿ ಹಾರುತ್ತಿತ್ತು, ಆದರೆ ಒಮ್ಮೆಲೇ ಜಗ್ಗಿದರೆ ತುಂಡಾಗುತ್ತಿತ್ತು. ಆದ್ದರಿಂದ ಅವನು ಹಗ್ಗದ ತುದಿಯನ್ನು ಜೀನಿಗೆ ಕಟ್ಟುತ್ತಿರಲಿಲ್ಲ. ದನದ ಕೊರಳಿಗೋ ಕಾಲಿಗೋ ಕುಣಿಕೆ ಬಿದ್ದೊಡನೆ ಜೀನಿನ ಮುಂದಿನ ಕೊಂಬಿಗೆ ಹಗ್ಗವನ್ನು ಸುತ್ತಿ, ಬೇಕಾದಷ್ಟು ಜಾರಬಿಟ್ಟು, ಜಗ್ಗುವಿಕೆಯ ಹೊಡೆತವನ್ನು ಮೆಲ್ಲಗೆ ತಗ್ಗಿಸುತ್ತಿದ್ದನು. ಬೆರಳು ಹಗ್ಗಕ್ಕೂ ಕೊಂಬಿಗೂ ನಡುವೆ ಸಿಕ್ಕಿದರೆ ಹೆಬ್ಬೆರಳು ಕತ್ತರಿಸಿಹೋಗುವಷ್ಟು ಅಪಾಯದ ಕೌಶಲವದು. 'ದಾಲೆ ವ್ವೆಲ್ತಾ', ಅದಕ್ಕೊಂದು ಸುತ್ತು ಹಾಕು, ಎಂದು ಅನುಭವಿ ಕೂಗುತ್ತಿದ್ದನು. ಕಲಿಯುವವನಿಗೆ ಅದು 'ಡ್ಯಾಲಿ ವೆಲ್ಟರ್' ಎಂದು ಕೇಳಿಸಿತು, ಬರಬರುತ್ತ ಬರಿಯ 'ಡ್ಯಾಲಿ' ಉಳಿಯಿತು. ಒಂದು ಆಜ್ಞಾರ್ಥಕ ವಾಕ್ಯವೇ ಇನ್ನೊಂದು ಭಾಷೆಯಲ್ಲಿ ನಾಮಪದವಾಗಿ ಉಳಿದಿರುವುದರಿಂದ, ಯಾರು ಹೇಳಿಕೊಡುತ್ತಿದ್ದರು, ಯಾರು ಕೇಳಿ ಮಾಡುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ನೇರವಾದ ದಾಖಲೆ ಸಿಕ್ಕುವುದು ಕಷ್ಟ.

ಟೆಕ್ಸಾಸಿನವರು ಈ ಸುತ್ತುವ ಪದ್ಧತಿಯನ್ನು ಹೆಚ್ಚಾಗಿ ಹಿಡಿಯಲಿಲ್ಲ. ಅವರು ಗಿಡ್ಡನೆಯ ನಾರಿನ ಹಗ್ಗವನ್ನು ಜೀನಿನ ಕೊಂಬಿಗೆ ಬಿಗಿಯಾಗಿ ಕಟ್ಟಿಬಿಡುತ್ತಿದ್ದರು. ಪದಗಳ ಹರಹೂ ಈ ಭೇದವನ್ನೇ ಅನುಸರಿಸುತ್ತದೆ. ಕ್ಯಾಲಿಫೋರ್ನಿಯ, ನೆವಾಡಾ, ಆರೆಗನ್ ಕಡೆ ದನಗಾಹಿ 'ಬಕರೂ', ಬದಲಿ ಕುದುರೆಗಳ ಹಿಂಡು 'ಕಾವಿ', ಅದು ಸ್ಪ್ಯಾನಿಷಿನ 'ಕಬಯಾದ'ದ ಮೊಟಕು. ಟೆಕ್ಸಾಸಿನಲ್ಲಿ ಅವನು 'ಕೌಬಾಯ್', ಅದೇ ಹಿಂಡು 'ರೆಮುದಾ'. ಬರೆ ಬೀಳದ ಕರುವಿಗೆ ಟೆಕ್ಸಾಸಿನಲ್ಲಿ 'ಮ್ಯಾವರಿಕ್' ಎನ್ನುತ್ತಿದ್ದರು, ತನ್ನ ದನಗಳಿಗೆ ಬರೆ ಹಾಕಿಸದ ಸ್ಯಾಮ್ಯುಯೆಲ್ ಮ್ಯಾವರಿಕ್ ಎಂಬ ಭೂಮಾಲೀಕನ ಹೆಸರಿನಿಂದ. ಪಶ್ಚಿಮದಲ್ಲಿ ಅದೇ ಕರು 'ಓರೆಯಾನಾ', ಕಿವಿಗೆ ಗುರುತು ಕತ್ತರಿಸದ್ದು ಎಂಬ ಅರ್ಥದ ಸ್ಪ್ಯಾನಿಷ್ ಪದದಿಂದ. ಅಂತರ್ಯುದ್ಧ ಮುಗಿದ ಮೇಲೆ, 1867ರಿಂದ, ಟೆಕ್ಸಾಸಿನ ಮಂದೆಗಳು ಚಿಸ್ಹಾಮ್ ದಾರಿಯಲ್ಲಿ ಉತ್ತರಕ್ಕೆ ನಡೆದು ಕ್ಯಾನ್ಸಸ್ಸಿನ ಆಬಿಲೀನ್ ರೈಲುನಿಲ್ದಾಣ ತಲುಪತೊಡಗಿದಾಗ ಟೆಕ್ಸಾಸಿನ ಪದಗಳೇ ದೂರ ಹಬ್ಬಿದವು. 'ಬಕರೂ'ಗಿಂತ 'ಕೌಬಾಯ್' ಪ್ರಸಿದ್ಧವಾದುದಕ್ಕೆ ಇದೂ ಒಂದು ಕಾರಣ.

ಪ್ರಭಾವ ಬರಿಯ ಉಪಕರಣಗಳ ಹೆಸರಿಗೆ ನಿಲ್ಲದೆ ಕಾನೂನಿಗೂ ಏರಿತು. 'ರೊದೇಒ' ಎಂಬುದು ಸುತ್ತುವರಿ ಎಂಬ ಕ್ರಿಯಾಪದದಿಂದ ಬಂದ ನಾಮಪದ. ಚದುರಿದ ದನಗಳನ್ನು ಸುತ್ತುವರಿದು ಒಂದೆಡೆ ಕೂಡಿಸಿ, ಅಕ್ಕಪಕ್ಕದ ಒಡೆಯರೆಲ್ಲರ ಸಮಕ್ಷಮದಲ್ಲಿ ತಮ್ಮ ತಮ್ಮ ಕರುಗಳನ್ನು ವಿಂಗಡಿಸಿ ಬರೆ ಹಾಕುವ ವಾರ್ಷಿಕ ಕಾರ್ಯವದು. ಅಲ್ಲಿ ಏಳುವ ತಕರಾರುಗಳನ್ನು ಬಗೆಹರಿಸಲು 'ಹ್ವೇಸ್ ದೆ ಕಾಂಪೊ', ಬಯಲಿನ ನ್ಯಾಯಾಧೀಶ, ಎಂಬ ಅಧಿಕಾರಿ ಇರುತ್ತಿದ್ದನು. ಕ್ಯಾಲಿಫೋರ್ನಿಯ ಸಂಯುಕ್ತ ಸಂಸ್ಥಾನಕ್ಕೆ ಸೇರಿದ ಮರುವರ್ಷವೇ, 1851ರಲ್ಲಿ, ಅಲ್ಲಿನ ಶಾಸನಸಭೆ ರೊದೇಒಗಳನ್ನು ಕ್ರಮಪಡಿಸುವ ಕಾನೂನು ಮಾಡಿ, ಬಯಲಿನ ನ್ಯಾಯಾಧೀಶನ ಹುದ್ದೆಯನ್ನೂ ಇಂಗ್ಲಿಷಿಗೆ ಪದಶಃ ಅನುವಾದಿಸಿ ಉಳಿಸಿಕೊಂಡಿತು. ಗೆದ್ದವರು ಸೋತವರ ಪದ್ಧತಿಯನ್ನು ಪದ ಸಮೇತ ಶಾಸನಕ್ಕೆ ಏರಿಸಿದ್ದು ಸಣ್ಣ ಸಂಗತಿಯಲ್ಲ. ತಂತಿಬೇಲಿ ಬಂದು, ಬಯಲು ತುಂಡಾಗಿ, ಕೂಡಿಸುವ ಕೆಲಸ ಕಡಿಮೆಯಾದಂತೆ 'ರೋಡಿಯೊ' ದುಡಿಮೆಯ ಹೆಸರಾಗಿ ಉಳಿಯದೆ ಪಂದ್ಯದ ಹೆಸರಾಯಿತು. ಇಂಗ್ಲಿಷಿನವರು ಅದರ ಒತ್ತನ್ನು ಮೊದಲ ಅಕ್ಷರಕ್ಕೆ ಸರಿಸಿಕೊಂಡರು. ಲಾಸ್ ಏಂಜಲೀಸಿನ ಪಕ್ಕದ ಬೆವರ್ಲಿ ಹಿಲ್ಸಿನಲ್ಲಿರುವ ರೊದೇಒ ಬೀದಿಯ ಹೆಸರಿನಲ್ಲಿ ಮಾತ್ರ ಒತ್ತು ಇಂದಿಗೂ ಸ್ಪ್ಯಾನಿಷಿನಂತೆ ನಡುವೆಯೇ ಬೀಳುತ್ತದೆ, ಏಕೆಂದರೆ ಆ ಹೆಸರು ಬಂದುದು ಅಲ್ಲಿ ಹಿಂದೆ ಇದ್ದ, ನೀರು ಕೂಡುವ ತಾಣವೆಂಬ ಅರ್ಥದ ಒಂದು ಸ್ಪ್ಯಾನಿಷ್ ರಾಂಚೊದಿಂದ.

ಹವಾಯಿ ದ್ವೀಪಗಳಿಗೂ ಈ ವಿದ್ಯೆ ಹೋಯಿತು. 1793ರಲ್ಲಿ ಜಾರ್ಜ್ ವ್ಯಾಂಕೂವರ್ ಅಲ್ಲಿನ ದೊರೆಗೆ ಕೊಟ್ಟ ದನಗಳು ಕಾಡುಬಿದ್ದು ಬೆಳೆಯಲು, 1830ರ ದಶಕದಲ್ಲಿ ವಕೇರೊಗಳನ್ನು ಕರೆಸಬೇಕಾಯಿತು. 'ಎಸ್ಪಞೋಲ್' ಎಂದು ಹೇಳಿಕೊಂಡ ಅವರನ್ನು, ಸಕಾರವಿಲ್ಲದ, ಪದಗಳೆಲ್ಲ ಸ್ವರದಿಂದಲೇ ಮುಗಿಯುವ ಭಾಷೆಯ ಆ ಜನ 'ಪನಿಯೊಲೊ' ಎಂದು ಕರೆದರು. ಬಸ್ಸನ್ನು 'ಬಸ್ಸು' ಮಾಡಿಕೊಂಡ ಕನ್ನಡದ ಹಾಗೆ.

ಕಲಿಸಿದವನ ಗತಿ ಏನಾಯಿತೆಂಬುದು ಈ ಚರಿತ್ರೆಯ ನೋವಿನ ಭಾಗ. 1848ರ ಒಪ್ಪಂದ ಮೆಕ್ಸಿಕನ್ನರ ಆಸ್ತಿಯನ್ನು ಗೌರವಿಸುವುದಾಗಿ ಹೇಳಿತ್ತು. ಆದರೆ ಕ್ಯಾಲಿಫೋರ್ನಿಯದ ಭೂಮಿಗೆ ಸಂಬಂಧಿಸಿದ 1851ರ ಕಾನೂನು ಹಳೆಯ ಹಿಡುವಳಿದಾರರೇ ತಮ್ಮ ಹಕ್ಕನ್ನು ಸಾಬೀತುಪಡಿಸಬೇಕೆಂದು ವಿಧಿಸಿತು. ಇಂಗ್ಲಿಷಿನಲ್ಲಿ ನಡೆಯುವ ವ್ಯಾಜ್ಯಗಳ ವೆಚ್ಚ, ಸಾಲದ ಬಡ್ಡಿ, 1862ರಿಂದ 1864ರವರೆಗಿನ ಭೀಕರ ಬರ ಇವೆಲ್ಲ ಸೇರಿ ಅನೇಕ ರಾಂಚೊಗಳು ಕೈಬಿಟ್ಟುಹೋದವು, ಒಡೆಯರ ಮಕ್ಕಳು ಅದೇ ನೆಲದಲ್ಲಿ ಕೂಲಿಗಳಾದರು. ಕ್ಯಾಲಿಫೋರ್ನಿಯದ 1849ರ ಸಂವಿಧಾನ ಕಾನೂನುಗಳನ್ನು ಎರಡೂ ಭಾಷೆಗಳಲ್ಲಿ ಪ್ರಕಟಿಸಬೇಕೆಂದಿತ್ತು, 1879ರ ಸಂವಿಧಾನ ಅದನ್ನು ಕೈಬಿಟ್ಟು ಇಂಗ್ಲಿಷನ್ನು ಮಾತ್ರ ಉಳಿಸಿತು. ಚರಿತ್ರೆ ಬರೆಯುವವರ ದೃಷ್ಟಿಯೂ ಬಹುಕಾಲ ಇದಕ್ಕೆ ತಕ್ಕಂತೆಯೇ ಇತ್ತು. 1893ರಲ್ಲಿ ಫ್ರೆಡರಿಕ್ ಜಾಕ್ಸನ್ ಟರ್ನರ್ ಮಂಡಿಸಿದ ಪ್ರಸಿದ್ಧ ಸಿದ್ಧಾಂತ ಅಮೆರಿಕದ ಗಡಿನಾಡು ಪೂರ್ವದಿಂದ ಪಶ್ಚಿಮಕ್ಕೆ ಸರಿದ ಕಥೆಯನ್ನು ಹೇಳಿತು. ದಕ್ಷಿಣದಿಂದ ಉತ್ತರಕ್ಕೆ ಬಂದ ಇನ್ನೊಂದು ಚಲನೆಯನ್ನು ಹರ್ಬರ್ಟ್ ಯೂಜೀನ್ ಬೋಲ್ಟನ್ 1921ರಲ್ಲಿ ಸ್ಪ್ಯಾನಿಷ್ ಗಡಿನಾಡುಗಳ ಬಗೆಗಿನ ತನ್ನ ಗ್ರಂಥದಲ್ಲಿ ಮುನ್ನೆಲೆಗೆ ತಂದನು.

ದುಡಿಮೆಯ ಒಡೆತನ ಕೈ ಬದಲಾದೊಡನೆ ಪದಗಳ ಹರಿವೂ ದಿಕ್ಕು ಬದಲಿಸಿತು. 1880ರಲ್ಲಿ ರೈಲುಮಾರ್ಗ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯನ್ನು ತಲುಪಿತು. ಹಳಿ ಹಾಕುವ, ದುರಸ್ತಿ ಮಾಡುವ ಕೂಲಿಗಳಲ್ಲಿ ಮೆಕ್ಸಿಕನ್ನರ ಸಂಖ್ಯೆ ಬೆಳೆಯುತ್ತ ಹೋಯಿತು, ಮೇಸ್ತ್ರಿಗಳು ಇಂಗ್ಲಿಷಿನವರು. ಹಳಿಗೆ ಇಂಗ್ಲಿಷಿನ 'ಟ್ರ್ಯಾಕ್' ಸ್ಪ್ಯಾನಿಷಿನಲ್ಲಿ 'ತ್ರಾಕೆ' ಆಯಿತು, ಅದರ ಕೆಲಸದವನು 'ತ್ರಾಕೇರೊ'. ವಾಕಾದಿಂದ ವಕೇರೊ ಹುಟ್ಟಿದ ಅಚ್ಚಿನಲ್ಲೇ ಎರಕವಾದ ಪದ. ಮೊದಲಿನ ಕಸುಬಿನಲ್ಲಿ ಮಾತು ಕೊಟ್ಟವರು ಎರಡನೆಯದರಲ್ಲಿ ಮಾತು ಪಡೆದರು. ಪಡೆದ ರೀತಿಯೂ ಅದೇ, ಕಿವಿಯಿಂದ. ಮಧ್ಯಾಹ್ನದ ಬುತ್ತಿ 'ಲೋಂಚೆ' ಆಯಿತು, ಟ್ರಕ್ 'ತ್ರೋಕಾ' ಆಯಿತು. ಕೊಲೊರಾಡೊದಲ್ಲಿ ಹುಟ್ಟಿದ ವಿದ್ವಾಂಸ ಆವ್ರೇಲಿಯೊ ಎಸ್ಪಿನೋಸಾ 1909ರಿಂದ ಪ್ರಕಟಿಸಿದ ನ್ಯೂ ಮೆಕ್ಸಿಕೊದ ಸ್ಪ್ಯಾನಿಷ್ ಕುರಿತ ಅಧ್ಯಯನಗಳಲ್ಲಿ ಇಂಥ ಇಂಗ್ಲಿಷ್ ಪದಗಳನ್ನು ಆಸ್ಥೆಯಿಂದ ಸಂಗ್ರಹಿಸಿ, ಅವು ಸ್ಪ್ಯಾನಿಷಿನ ಧ್ವನಿನಿಯಮಗಳಿಗೆ ಹೇಗೆ ಒಗ್ಗಿದವೆಂದು ತೋರಿಸಿದ್ದಾನೆ. ಇವನ್ನು ಭಾಷೆ ಕೆಟ್ಟಿತೆಂಬುದಕ್ಕೆ ಸಾಕ್ಷಿಯಾಗಿ ಹಿಡಿಯುವ ವಾಡಿಕೆ ಸ್ಪೇನಿನಲ್ಲೂ ಮೆಕ್ಸಿಕೊದಲ್ಲೂ ಇದೆ. 'ಬಕರೂ' ಮತ್ತು 'ಡ್ಯಾಲಿ' ಇಂಗ್ಲಿಷಿನ ಸಿರಿಯೆಂದು ಎಣಿಸಲ್ಪಡುವಾಗ 'ತ್ರಾಕೇರೊ' ಮತ್ತು 'ಲೋಂಚೆ' ಸ್ಪ್ಯಾನಿಷಿನ ಕೊಳೆಯೆನಿಸಿಕೊಳ್ಳುವುದು ನ್ಯಾಯವಲ್ಲ. ಎರಡರ ಹಿಂದೆಯೂ ಇರುವುದು ಒಂದೇ ಪ್ರಕ್ರಿಯೆ, ಭೇದವಿರುವುದು ಕೂಲಿಯವನು ಯಾರು ಎಂಬುದರಲ್ಲಿ ಮಾತ್ರ.

ಹಳೆಯ ಹೋಲಿಕೆ ಇಲ್ಲಿ ಇನ್ನೊಂದು ಸೂಕ್ಷ್ಮ ಪರಿಣಾಮವನ್ನೂ ಉಂಟುಮಾಡಿತು. ಎರಡೂ ಭಾಷೆಗಳಲ್ಲಿ ಲ್ಯಾಟಿನ್ ಮೂಲದ ಸೋದರ ಪದಗಳು ತುಂಬಿರುವುದರಿಂದ, ಎರಡನ್ನೂ ಆಡುವವರ ಬಾಯಲ್ಲಿ ಸ್ಪ್ಯಾನಿಷ್ ಪದವೊಂದು ತನ್ನ ರೂಪವನ್ನು ಉಳಿಸಿಕೊಂಡೇ ಇಂಗ್ಲಿಷ್ ಸೋದರನ ಅರ್ಥವನ್ನು ಹೊದ್ದುಕೊಳ್ಳುತ್ತದೆ. ಕಾಗದಗಳನ್ನಿಡುವ ಕಡತದ ಹೊದಿಕೆಗೆ ಹೇಳುವ 'ಕಾರ್ಪೇತಾ' ಸಂಯುಕ್ತ ಸಂಸ್ಥಾನದ ಸ್ಪ್ಯಾನಿಷಿನಲ್ಲಿ ನೆಲಹಾಸಾಯಿತು, ಇಂಗ್ಲಿಷಿನ 'ಕಾರ್ಪೆಟ್' ಅದಕ್ಕೆ ಹೋಲುವುದರಿಂದ. 'ಅಪ್ಲಿಕಾಸಿಯೋನ್' ಕೆಲಸಕ್ಕೆ ಸಲ್ಲಿಸುವ ಅರ್ಜಿಯಾಯಿತು. ಫೋನಿನಲ್ಲಿ ಮರಳಿ ಕರೆಯುವುದನ್ನು ಇಂಗ್ಲಿಷಿನ ಜಾಡಿನಲ್ಲೇ 'ಹಿಂದಕ್ಕೆ ಕರೆ' ಎಂಬಂತೆ ಜೋಡಿಸಿ ಹೇಳುವ ಸ್ಪ್ಯಾನಿಷ್ ನುಡಿಗಟ್ಟೂ ಹಾಗೆಯೇ ಹುಟ್ಟಿತು. ಹೋಲಿಕೆಯೇ ಬಲೆಯಾಗುವುದೂ ಉಂಟು: ಸ್ಪ್ಯಾನಿಷಿನ 'ಎಂಬರಸಾದಾ' ಇಂಗ್ಲಿಷಿನಲ್ಲಿ ಮುಜುಗರವನ್ನು ಸೂಚಿಸುವ ಪದದಂತೆ ಕಂಡರೂ ಅದರ ಅರ್ಥ ಗರ್ಭಿಣಿ.

ದನದ ಮಾಂಸಕ್ಕೂ ಒಂದು ಮರುಪಯಣವಿದೆ. ಎತ್ತನ್ನು ಸೂಚಿಸುವ ಲ್ಯಾಟಿನ್ ಪದ ಫ್ರೆಂಚಿನ ಮೂಲಕ ಇಂಗ್ಲಿಷಿನಲ್ಲಿ 'ಬೀಫ್' ಆಗಿ, 'ಸ್ಟೇಕ್' ಎಂಬ ಮಾತಿನೊಡನೆ ಕೂಡಿ, ಸ್ಪ್ಯಾನಿಷಿಗೆ 'ಬಿಸ್ತೆಕ್' ಆಗಿ ಬಂದಿತು. ಅದೇ ಲ್ಯಾಟಿನ್ ಪದದಿಂದ ನೇರವಾಗಿ ಇಳಿದ 'ಬುಯೆಯ್' ಅಲ್ಲಿಯೇ ನೊಗ ಹೊತ್ತು ನಿಂತಿತ್ತು. ವಕೇರೊನ ಹೆಸರೂ ಹೀಗೆಯೇ ಮನೆಗೆ ಮರಳಿದೆ. 1873ರಲ್ಲಿ ಜೇಕಬ್ ಡೇವಿಸ್ ಮತ್ತು ಲೀವೈ ಸ್ಟ್ರೌಸ್ ತಾಮ್ರದ ಗುಬ್ಬಿ ಬಡಿದ ದುಡಿಮೆಯ ಷರಾಯಿಗೆ ಹಕ್ಕುಪತ್ರ ಪಡೆದರು. ಅಂಥ ಉಡುಪು ಪಶ್ಚಿಮದ ದನಗಾಹಿಗಳ ಮೈಮೇಲೆ ಏರಿ, ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಚಲನಚಿತ್ರಗಳ ಕೌಬಾಯ್ ನಾಯಕರೊಂದಿಗೆ ಯುರೋಪನ್ನು ತಲುಪಿತು. ಇಂದು ಮದ್ರೀದಿನ ಅಂಗಡಿಯಲ್ಲಿ ಜೀನ್ಸ್ ಷರಾಯಿ ಕೊಳ್ಳಲು ಬಂದವರು ಅಂಗಡಿಯವನಿಗೆ ಕೇಳುವ ಪದ 'ವಕೇರೊಸ್'.